ಚಿತ್ರಕಥೆಗಳಲ್ಲಿ ಮಾನವೀಕೃತ ಪ್ರಾಣಿ ಪಾತ್ರಗಳ ಚಿತ್ರಣಶೈಲಿ

ಮಾನವೀಕೃತ ಪ್ರಾಣಿ ಪಾತ್ರಗಳ ಚಿತ್ರಣಶೈಲಿ ಎಂಬುದು, ಕಾಮಿಕ್ಸ್ ಎಂದು ವಾಡಿಕೆಯಲ್ಲಿರುವ ಚಿತ್ರಕಥೆಗಳಲ್ಲಿ ಮನುಷ್ಯರಂತೆ ಮಾತನಾಡುವ, ಯೋಚಿಸುವ, ಎರಡು ಕಾಲುಗಳ ಮೇಲೆ ನಡೆಯುವ ಪ್ರಾಣಿಗಳನ್ನು ರೂಪಿಸುವ ಕ್ರಮವನ್ನು ಸೂಚಿಸುತ್ತದೆ. ಡೊನಾಲ್ಡ್ ಡಕ್, ಪೋಗೊ, ಉಸಾಗಿ ಯೋಜಿಂಬೊ, ಬ್ಲ್ಯಾಕ್‌ಸ್ಯಾಡ್ ಮೊದಲಾದವು ಇಂತಹ ಪಾತ್ರಗಳಿಗೆ ಪ್ರಸಿದ್ಧ ಉದಾಹರಣೆಗಳಾಗಿವೆ. ಶೈಲಿ ಎಂದರೆ ರೇಖೆಯ ಸೊಗಸು ಮಾತ್ರ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಈ ಪ್ರಕಾರದಲ್ಲಿ ಶೈಲಿಯ ತಿರುಳು ಇರುವುದು ಒಂದು ಪ್ರಮಾಣದಲ್ಲಿ: ಪಾತ್ರದಲ್ಲಿ ಮನುಷ್ಯನ ಅಂಶ ಎಷ್ಟು, ಪ್ರಾಣಿಯ ಅಂಶ ಎಷ್ಟು ಎಂಬುದನ್ನು ಕಲಾವಿದನು ನಿರ್ಧರಿಸಿ, ಆ ನಿರ್ಧಾರವನ್ನು ಕಥೆಯ ಕೊನೆಯವರೆಗೂ ಪಾಲಿಸಬೇಕಾಗುತ್ತದೆ. ಈ ಪ್ರಮಾಣವು ಪಾತ್ರದ ನಡಿಗೆ, ಮುಖಭಾವ ಮತ್ತು ಉಡುಪುಗಳನ್ನಷ್ಟೇ ಅಲ್ಲದೆ, ಕಥೆಯ ಅರ್ಥವನ್ನೂ ನಿರ್ಣಯಿಸುತ್ತದೆ.

ಹಿನ್ನೆಲೆ

ಪ್ರಾಣಿಗಳ ಮೂಲಕ ಮನುಷ್ಯರ ಕಥೆಯನ್ನು ಹೇಳುವ ಪದ್ಧತಿ ಬಹಳ ಪುರಾತನವಾದುದು. ಭಾರತದ ಪಂಚತಂತ್ರ ಹಾಗೂ ಜಾತಕ ಕಥೆಗಳು, ಗ್ರೀಸಿನ ಈಸೋಪನ ಕಥೆಗಳು ಇದೇ ಪರಂಪರೆಗೆ ಸೇರಿವೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ, ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಪಂಚತಂತ್ರವನ್ನು ಚಂಪೂ ರೂಪದಲ್ಲಿ ರಚಿಸಿದನು. ಈ ಕಥೆಗಳಲ್ಲಿ ಪ್ರಾಣಿಗಳು ರಾಜನೀತಿಯನ್ನು ಚರ್ಚಿಸಿದರೂ ಕೇಳುಗರ ಮನಸ್ಸಿನಲ್ಲಿ ಅವುಗಳ ದೇಹ ಹೇಗಿರಬೇಕೆಂಬ ಪ್ರಶ್ನೆ ಏಳುವುದಿಲ್ಲ. ಕಥೆಯನ್ನು ಚಿತ್ರವಾಗಿಸುವಾಗ ಮಾತ್ರ ಆ ಪ್ರಶ್ನೆ ಅನಿವಾರ್ಯವಾಗುತ್ತದೆ. ಮಂತ್ರಾಲೋಚನೆ ಮಾಡುವ ನರಿಯು ನಾಲ್ಕು ಕಾಲುಗಳ ಮೇಲೆ ನಿಲ್ಲಬೇಕೇ, ಪೀಠದ ಮೇಲೆ ಕೂರಬೇಕೇ ಎಂಬುದನ್ನು ಚಿತ್ರಕಾರನೇ ತೀರ್ಮಾನಿಸಬೇಕು.

ಈ ಪ್ರಶ್ನೆಗೆ ಉತ್ತರಿಸಿದ ಹಳೆಯ ಕೃತಿಗಳಲ್ಲಿ ಜಪಾನಿನ ಕ್ಯೋಟೊ ನಗರದ ಕೋಜಾನ್‌ಜಿ ದೇವಾಲಯಕ್ಕೆ ಸೇರಿದ 'ಚೋಜು ಜಿಂಬುತ್ಸು ಗಿಗಾ' ಎಂಬ ಸುರುಳಿ ಚಿತ್ರಗಳು ಮುಖ್ಯವಾದವು. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಶಾಯಿ ಮತ್ತು ಕುಂಚದಿಂದ ಬರೆಯಲಾದ ಈ ಸುರುಳಿಗಳಲ್ಲಿ ಮೊಲಗಳು ಮತ್ತು ಕಪ್ಪೆಗಳು ಮನುಷ್ಯರಂತೆ ಕುಸ್ತಿಯಾಡುತ್ತವೆ, ಬಿಲ್ಲುವಿದ್ಯೆಯಲ್ಲಿ ತೊಡಗುತ್ತವೆ. ಯೂರೋಪಿನಲ್ಲಿ ಫ್ರೆಂಚ್ ಕಲಾವಿದ ಗ್ರಾನ್‌ವಿಲ್ (1803–1847) ತನ್ನ ಕಾಲದ ಉಡುಪು ತೊಟ್ಟ ಮಾನವ ದೇಹಗಳ ಮೇಲೆ ಪ್ರಾಣಿಗಳ ತಲೆಗಳನ್ನಿರಿಸಿ ಸಮಾಜವನ್ನು ವಿಡಂಬಿಸಿದನು.

ವೃತ್ತಪತ್ರಿಕೆಗಳ ಚಿತ್ರಪಟ್ಟಿಗಳಲ್ಲಿ ಜಾರ್ಜ್ ಹೆರಿಮನ್ ಅವರ 'ಕ್ರೇಜಿ ಕ್ಯಾಟ್' (1913–1944) ಈ ಪ್ರಕಾರದ ಆರಂಭದ ಮಹತ್ವದ ಕೃತಿ. ಅದರ ಬೆಕ್ಕು ಮತ್ತು ಇಲಿ 1910ರಲ್ಲಿ ಅದೇ ಕಲಾವಿದರ ಬೇರೊಂದು ಪಟ್ಟಿಯ ಅಡಿಯಲ್ಲಿ ಕಿರುಪಾತ್ರಗಳಾಗಿ ಕಾಣಿಸಿಕೊಂಡು, ಮೂರು ವರ್ಷಗಳ ಬಳಿಕ ಸ್ವತಂತ್ರ ಸ್ಥಾನವನ್ನು ಪಡೆದವು. ಭಾರತದಲ್ಲಿ 1967ರಲ್ಲಿ ಅನಂತ ಪೈ ಅವರ ಸಂಪಾದಕತ್ವದಲ್ಲಿ ಆರಂಭವಾದ ಅಮರ ಚಿತ್ರ ಕಥಾ ಮಾಲೆಯು ಪಂಚತಂತ್ರ ಮತ್ತು ಜಾತಕ ಕಥೆಗಳನ್ನು ಚಿತ್ರರೂಪಕ್ಕೆ ತಂದಿತು. 1980ರಲ್ಲಿ ಪ್ರಾರಂಭವಾದ ಮಕ್ಕಳ ಪತ್ರಿಕೆ 'ಟಿಂಕಲ್'ನಲ್ಲಿ ಕಾಲಿಯಾ ಎಂಬ ಕಾಗೆ, ಚಮಟಕ ಎಂಬ ನರಿ ಹಾಗೂ ಡೂಬ್‌ಡೂಬ್ ಎಂಬ ಮೊಸಳೆಯ ಕಥೆಗಳು ಜನಪ್ರಿಯವಾದವು.

ಮಾನವೀಕರಣದ ಪ್ರಮಾಣ

ಪ್ರಾಣಿ ಪಾತ್ರಗಳ ಚಿತ್ರಣವನ್ನು ಸ್ಥೂಲವಾಗಿ ಮೂರು ಹಂತಗಳಲ್ಲಿ ಗುರುತಿಸಬಹುದು.

ಮೊದಲನೆಯ ಹಂತದಲ್ಲಿ ದೇಹವು ಪ್ರಾಣಿಯದಾಗಿಯೇ ಉಳಿದು, ಮಾತು ಮತ್ತು ಮನಸ್ಸು ಮಾತ್ರ ಮನುಷ್ಯನದಾಗಿರುತ್ತದೆ. ಚಿತ್ರಪುಸ್ತಕಗಳ ಕ್ಷೇತ್ರದಲ್ಲಿ ಬಿಯಾಟ್ರಿಕ್ಸ್ ಪಾಟರ್ ಅವರ 1902ರ ಪೀಟರ್ ಎಂಬ ಮೊಲವು ಈ ಹಂತದ ಅಂಚಿನಲ್ಲಿದೆ. ಅದು ನೀಲಿ ಕೋಟು ತೊಟ್ಟಾಗ ತುಂಟ ಬಾಲಕನಂತೆ ಕಾಣುತ್ತದೆ. ಕೋಟು ಕಳೆದುಕೊಂಡು ಓಡುವಾಗ ನಿಜವಾದ ಮೊಲವೇ ಆಗಿಬಿಡುತ್ತದೆ.

ಎರಡನೆಯ ಹಂತದಲ್ಲಿ ಎರಡೂ ಅಂಶಗಳು ಬೆರೆತು, ಪ್ರಾಣಿಯೂ ಅಲ್ಲದ ಮನುಷ್ಯನೂ ಅಲ್ಲದ ಒಂದು ಗಿಡ್ಡ ದೇಹ ಹುಟ್ಟುತ್ತದೆ. ಡೊನಾಲ್ಡ್ ಡಕ್‌ಗೆ ನಾವಿಕನ ಅಂಗಿಯಿದೆ, ಚಡ್ಡಿಯಿಲ್ಲ. ಬೆರಳುಗಳುಳ್ಳ ಕೈಗಳಿವೆ, ಪಾದಗಳು ಮಾತ್ರ ಬಾತುಕೋಳಿಯ ಜಾಲಪಾದಗಳೇ ಆಗಿವೆ. ಹಾಸ್ಯಪ್ರಧಾನ ಚಿತ್ರಕಥೆಗಳಲ್ಲಿ ಈ ಹಂತವೇ ಹೆಚ್ಚು ಬಳಕೆಯಲ್ಲಿದೆ.

ಮೂರನೆಯ ಹಂತದಲ್ಲಿ ದೇಹ ಪೂರ್ತಿಯಾಗಿ ಮನುಷ್ಯನದಾಗಿದ್ದು, ತಲೆ ಮಾತ್ರ ಪ್ರಾಣಿಯದಾಗಿರುತ್ತದೆ. ನರಸಿಂಹ ಮತ್ತು ಗಣಪತಿಯ ಮೂರ್ತಿಗಳನ್ನು ಕಂಡ ಭಾರತೀಯ ಓದುಗರಿಗೆ ಈ ಸಂಯೋಜನೆ ಅಪರಿಚಿತವಲ್ಲ. 'ಮೌಸ್' ಮತ್ತು 'ಬ್ಲ್ಯಾಕ್‌ಸ್ಯಾಡ್' ಕೃತಿಗಳು ಈ ಹಂತಕ್ಕೆ ಸೇರುತ್ತವೆ.

ಒಂದೇ ಕಥಾಲೋಕದಲ್ಲಿ ಎರಡು ಹಂತಗಳು ಬೆರೆತರೆ ಅದಕ್ಕೊಂದು ನಿಯಮ ಬೇಕಾಗುತ್ತದೆ. ಡಿಸ್ನಿ ಕಥೆಗಳಲ್ಲಿ ಗೂಫಿ ಮತ್ತು ಪ್ಲೂಟೊ ಇಬ್ಬರೂ ನಾಯಿಗಳೇ. ಆದರೆ ಗೂಫಿ ಟೋಪಿ ಧರಿಸಿ ಮಾತನಾಡುವ ಗೆಳೆಯನಾದರೆ, ಪ್ಲೂಟೊ ಕೊರಳಪಟ್ಟಿ ಕಟ್ಟಿಕೊಂಡ ಸಾಕುಪ್ರಾಣಿ. ನಿಲುವು, ಉಡುಪು, ಮಾತು ಈ ಮೂರರಲ್ಲಿಯೂ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿರುವುದರಿಂದ ಓದುಗರಿಗೆ ಗೊಂದಲವಾಗುವುದಿಲ್ಲ.

ಅಂಗರಚನೆ

ಪ್ರಾಣಿಯನ್ನು ಎದ್ದು ನಿಲ್ಲಿಸುವಾಗ ಮೊದಲು ಎದುರಾಗುವ ಸಮಸ್ಯೆ ಹಿಂಗಾಲಿನದು. ಮನುಷ್ಯ ಮತ್ತು ಕರಡಿ ಇಡೀ ಅಂಗಾಲನ್ನು ನೆಲಕ್ಕೆ ಊರಿ ನಡೆಯುತ್ತವೆ. ನಾಯಿ ಮತ್ತು ಬೆಕ್ಕು ಬೆರಳುಗಳ ಮೇಲೆ ನಡೆಯುತ್ತವೆ. ಕುದುರೆ, ಹಸು ಮತ್ತು ಜಿಂಕೆಗಳು ಬೆರಳ ತುದಿಯ ಗೊರಸಿನ ಮೇಲೆ ನಿಲ್ಲುತ್ತವೆ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವ ಕೀಲು ವಾಸ್ತವವಾಗಿ ಅದರ ಹಿಮ್ಮಡಿ. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಸಮೀಪದಲ್ಲಿದ್ದು ಮನುಷ್ಯನ ಮೊಣಕಾಲಿನಂತೆ ಮುಂದಕ್ಕೇ ಮಡಿಸುತ್ತದೆ. ಈ ಒಂದು ಸಂಗತಿಯನ್ನು ತಿಳಿದ ಅಭ್ಯಾಸಿಗೆ ಎರಡು ದಾರಿಗಳು ತೆರೆಯುತ್ತವೆ. ಹಿಮ್ಮಡಿಯನ್ನು ನೆಲಕ್ಕಿಳಿಸಿದರೆ ಪಾತ್ರವು ಮನುಷ್ಯನಂತೆ ನಿಲ್ಲುತ್ತದೆ, ಷರಾಯಿ ಮತ್ತು ಬೂಟುಗಳು ಸಹಜವಾಗಿ ಹೊಂದುತ್ತವೆ. ಹಿಮ್ಮಡಿಯನ್ನು ಮೇಲೆಯೇ ಉಳಿಸಿದರೆ ಪ್ರಾಣಿಯ ಚುರುಕುತನ ಉಳಿಯುತ್ತದೆ, ಆದರೆ ಉಡುಪು ಮತ್ತು ಕುರ್ಚಿಯ ಮೇಲೆ ಕೂರುವ ಭಂಗಿಗಳು ಕಷ್ಟವಾಗುತ್ತವೆ.

ಕೈಗಳ ವಿಷಯದಲ್ಲಿಯೂ ಇಂತಹದೇ ಆಯ್ಕೆ ಇದೆ. ಕಥೆಯಲ್ಲಿ ಪಾತ್ರವು ಪತ್ರ ಬರೆಯಬೇಕಾದರೆ ಅಥವಾ ಕತ್ತಿ ಹಿಡಿಯಬೇಕಾದರೆ ಪಂಜ ಮತ್ತು ಗೊರಸುಗಳಿಗೆ ಬೆರಳುಗಳು ಮೂಡಲೇಬೇಕು. ಮೂರು ಬೆರಳು ಮತ್ತು ಒಂದು ಹೆಬ್ಬೆರಳಿನ ಕೈ ವ್ಯಂಗ್ಯಚಿತ್ರಗಳಲ್ಲಿ ರೂಢಿಯಾಗಿದೆ. ಚಿಕ್ಕ ಅಳತೆಯ ಚಿತ್ರದಲ್ಲಿ ಐದು ಬೆರಳುಗಳು ಗಿಜಿಗುಟ್ಟಿದಂತೆ ಕಾಣುವುದು ಮತ್ತು ಸಾವಿರಾರು ಬಾರಿ ಬರೆಯುವಾಗ ಒಂದು ಬೆರಳಿನ ಶ್ರಮ ಉಳಿಯುವುದು ಇದಕ್ಕೆ ಕಾರಣಗಳು.

ತಲೆಯನ್ನು ಒಂದು ಗೋಳ ಮತ್ತು ಅದಕ್ಕೆ ಅಂಟಿಸಿದ ಒಂದು ಮೂತಿಯಾಗಿ ಭಾವಿಸಿ ಬರೆಯುವುದು ಸಾಮಾನ್ಯ ವಿಧಾನ. ಮೂತಿಯ ಉದ್ದ, ಅಗಲ ಮತ್ತು ತುದಿಯ ಆಕಾರಗಳನ್ನು ಬದಲಿಸಿದಂತೆ ಅದೇ ಗೋಳವು ಬೆಕ್ಕು, ನರಿ, ಕರಡಿ ಅಥವಾ ಹಂದಿಯಾಗುತ್ತದೆ. ಬೇಟೆಯಾಡುವ ಪ್ರಾಣಿಗಳ ಕಣ್ಣುಗಳು ಸಾಮಾನ್ಯವಾಗಿ ಮುಖದ ಮುಂಭಾಗದಲ್ಲಿಯೂ, ಮೊಲ ಮತ್ತು ಜಿಂಕೆಯಂತಹವುಗಳ ಕಣ್ಣುಗಳು ಪಕ್ಕಗಳಲ್ಲಿಯೂ ಇರುತ್ತವೆ. ಮಾನವೀಕೃತ ಚಿತ್ರಣದಲ್ಲಿ ಎರಡನ್ನೂ ಮುಂದಕ್ಕೆ ತರುವುದೇ ಹೆಚ್ಚು, ಏಕೆಂದರೆ ಎರಡು ಕಣ್ಣುಗಳು ಒಟ್ಟಿಗೆ ಕಂಡಾಗ ಮಾತ್ರ ಓದುಗನು ಪಾತ್ರದ ಭಾವವನ್ನು ಸುಲಭವಾಗಿ ಗ್ರಹಿಸುತ್ತಾನೆ. ಬಾಲವು ಬೆನ್ನೆಲುಬಿನ ಮುಂದುವರಿಕೆಯಾದುದರಿಂದ ಅದು ಸೊಂಟದ ಹಿಂಭಾಗದ ಕೆಳತುದಿಯಿಂದ ಹೊರಡಬೇಕು. ನಡುಬೆನ್ನಿನಿಂದ ಹೊರಟ ಬಾಲವು ಅಂಟಿಸಿದಂತೆ ಕಾಣುತ್ತದೆ.

ತಲೆ ಮತ್ತು ದೇಹದ ಅನುಪಾತವೂ ಮುಖ್ಯ. ವಯಸ್ಕ ಮನುಷ್ಯನ ಎತ್ತರವು ಅವನ ತಲೆಯ ಏಳರಿಂದ ಎಂಟರಷ್ಟು ಇರುತ್ತದೆ. ಹಾಸ್ಯಪಾತ್ರಗಳಲ್ಲಿ ಇದು ಎರಡರಿಂದ ನಾಲ್ಕಕ್ಕೆ ಇಳಿಯುವುದುಂಟು. ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಹಣೆಗಳು ಶಿಶುವಿನ ಲಕ್ಷಣಗಳಾಗಿದ್ದು ನೋಡುವವರಲ್ಲಿ ವಾತ್ಸಲ್ಯವನ್ನು ಹುಟ್ಟಿಸುತ್ತವೆ ಎಂದು ಪ್ರಾಣಿವರ್ತನೆಯ ತಜ್ಞ ಕಾನ್ರಾಡ್ ಲೊರೆನ್ಜ್ 1943ರಲ್ಲಿ ಪ್ರತಿಪಾದಿಸಿದರು. ಇದನ್ನು ಆಧರಿಸಿ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಮಿಕ್ಕಿ ಮೌಸ್‌ನ ಹಳೆಯ ಮತ್ತು ಹೊಸ ಚಿತ್ರಗಳನ್ನು ಅಳೆದು, ಐದು ದಶಕಗಳಲ್ಲಿ ಅದರ ತಲೆ ಮತ್ತು ಕಣ್ಣುಗಳು ದೇಹದ ಪ್ರಮಾಣದಲ್ಲಿ ದೊಡ್ಡದಾಗುತ್ತಾ ಬಂದುದನ್ನು ತೋರಿಸಿದರು. ವಯಸ್ಸಾದಂತೆ ಮಿಕ್ಕಿಯ ರೂಪ ಎಳೆಯದಾಯಿತು. ಅದರ ಆರಂಭದ ಪುಂಡಾಟಿಕೆಯೂ ಕಡಿಮೆಯಾಯಿತು.

ಮುಖಭಾವ

ಪ್ರಾಣಿಗಳಿಗೆ ಮನುಷ್ಯರಂತೆ ಚಲಿಸುವ ಹುಬ್ಬುಗಳಿಲ್ಲ. ಆದ್ದರಿಂದ ಕಲಾವಿದರು ಹುಬ್ಬುಗಳನ್ನು ಸೇರಿಸುತ್ತಾರೆ, ಇಲ್ಲವೇ ತುಪ್ಪಳದ ಬಣ್ಣಭೇದದಿಂದ ಅವುಗಳ ಭ್ರಮೆಯನ್ನು ಉಂಟುಮಾಡುತ್ತಾರೆ. ಇದಕ್ಕೆ ಪ್ರತಿಯಾಗಿ, ಮನುಷ್ಯನಲ್ಲಿಲ್ಲದ ಭಾವಸಾಧನಗಳು ಪ್ರಾಣಿಗಳಲ್ಲಿವೆ. ಹೆದರಿದ ನಾಯಿಯ ಕಿವಿ ಹಿಂದಕ್ಕೆ ಮಡಿಸಿರುತ್ತದೆ, ಬಾಲ ಕಾಲುಗಳ ನಡುವೆ ಸೇರಿರುತ್ತದೆ. ಸಿಟ್ಟುಗೊಂಡ ಬೆಕ್ಕಿನ ಬಾಲದ ಕೂದಲು ನಿಮಿರುತ್ತದೆ. ಪಾತ್ರವು ಬಾಯಲ್ಲಿ ಧೈರ್ಯದ ಮಾತನ್ನಾಡುತ್ತಾ ಬಾಲದಲ್ಲಿ ಭಯವನ್ನು ತೋರಿಸಬಹುದು. ಮನುಷ್ಯ ಪಾತ್ರದಿಂದ ಸಾಧ್ಯವಿಲ್ಲದ ಈ ದ್ವಂದ್ವವು ಪ್ರಾಣಿ ಪಾತ್ರಗಳ ವಿಶೇಷ ಶಕ್ತಿಯಾಗಿದೆ.

ಹಕ್ಕಿಗಳ ಕೊಕ್ಕು ಗಟ್ಟಿಯಾದುದು, ಅದು ನಗಲಾರದು. ಆದರೂ ಕಾರ್ಲ್ ಬಾರ್ಕ್ಸ್ ಅವರ ಬಾತುಕೋಳಿಗಳ ಕೊಕ್ಕು ರಬ್ಬರಿನಂತೆ ಬಾಗಿ ನಗು, ಜಿಗುಪ್ಸೆ, ಆಶ್ಚರ್ಯಗಳನ್ನು ಸೂಚಿಸುತ್ತದೆ. ಇಲ್ಲಿ ಅಂಗರಚನೆಯ ಸತ್ಯವನ್ನು ಬಿಟ್ಟುಕೊಟ್ಟು ಭಾವದ ಸತ್ಯವನ್ನು ಉಳಿಸಿಕೊಳ್ಳಲಾಗಿದೆ.

ಚಿತ್ರಕಥೆಯ ವಿಶೇಷ ಅಗತ್ಯಗಳು

ಬಿಡಿಚಿತ್ರದಲ್ಲಿ ಪಾತ್ರವನ್ನು ಒಮ್ಮೆ ಬರೆದರೆ ಸಾಕು. ಚಿತ್ರಕಥೆಯಲ್ಲಿ ಅದನ್ನೇ ನೂರಾರು ಚೌಕಟ್ಟುಗಳಲ್ಲಿ, ಬೇರೆ ಬೇರೆ ಕೋನಗಳಿಂದ ಮತ್ತು ಅಳತೆಗಳಲ್ಲಿ ಬರೆಯಬೇಕಾಗುತ್ತದೆ. ಆದ್ದರಿಂದ ಪುನರಾವರ್ತನೆಗೆ ಒಗ್ಗದ ರೂಪ ಎಷ್ಟೇ ಸುಂದರವಾಗಿದ್ದರೂ ಬಳಕೆಗೆ ಬಾರದು.

ಪಾತ್ರದ ಒಳಗಿನ ವಿವರಗಳನ್ನೆಲ್ಲ ಕಪ್ಪು ಬಣ್ಣದಿಂದ ತುಂಬಿದ ಮೇಲೂ ಹೊರ ಅಂಚಿನಿಂದಲೇ ಅದು ಯಾರೆಂದು ತಿಳಿಯುವುದು ಉತ್ತಮ ರೂಪದ ಮೊದಲ ಲಕ್ಷಣ. ಮಿಕ್ಕಿಯ ತಲೆ ಯಾವ ಕಡೆಗೆ ತಿರುಗಿದರೂ ಅದರ ಕಿವಿಗಳು ವೃತ್ತಗಳಾಗಿಯೇ ಉಳಿಯುತ್ತವೆ. ಜ್ಯಾಮಿತಿಯ ದೃಷ್ಟಿಯಿಂದ ಇದು ಅಸಾಧ್ಯ. ಗುರುತಿನ ದೃಷ್ಟಿಯಿಂದ ಇದು ಬಹಳ ಪರಿಣಾಮಕಾರಿ.

ಎರಡನೆಯದು ಕಪ್ಪು ಬಿಳುಪಿನ ಸಮತೋಲನ. ಮಿಕ್ಕಿಯ ಮೊದಲ ಚಿತ್ರಗಳಲ್ಲಿ ಕಪ್ಪು ಕೈಗಳು ಕಪ್ಪು ದೇಹದ ಮುಂದೆ ಬಂದಾಗ ಮರೆಯಾಗುತ್ತಿದ್ದವು. 1929ರಲ್ಲಿ ಬಂದ ಬಿಳಿಯ ಕೈಚೀಲಗಳು ಆ ತೊಡಕನ್ನು ನಿವಾರಿಸಿದವು. ತುಪ್ಪಳದ ಪ್ರತಿಯೊಂದು ಕೂದಲನ್ನೂ ಬರೆಯದೆ, ಕೆನ್ನೆ, ಮೊಣಕೈ ಮತ್ತು ಬಾಲದ ಅಂಚುಗಳಲ್ಲಿ ಮಾತ್ರ ಕೆಲವು ಗೆರೆಗಳಿಂದ ಸೂಚಿಸುವುದು ಇದೇ ಕಾರಣಕ್ಕೆ ರೂಢಿಯಲ್ಲಿದೆ.

ಮೂರನೆಯದು ಗಾತ್ರ. ಆನೆ ಮತ್ತು ಇಲಿ ಒಂದೇ ಚೌಕಟ್ಟಿನಲ್ಲಿ ಸಂಭಾಷಿಸಬೇಕಾದರೆ ನೈಜ ಗಾತ್ರಭೇದವನ್ನು ಕುಗ್ಗಿಸಲೇಬೇಕು. ಎಷ್ಟು ಕುಗ್ಗಿಸಬೇಕೆಂಬುದನ್ನು ಎಲ್ಲ ಪಾತ್ರಗಳನ್ನೂ ಸಾಲಾಗಿ ನಿಲ್ಲಿಸಿ ಬರೆದ ಎತ್ತರದ ಪಟ್ಟಿಯಲ್ಲಿ ಮೊದಲೇ ನಿಗದಿಪಡಿಸಲಾಗುತ್ತದೆ. ಉದ್ದ ಮೂತಿಯ ಪಾತ್ರಗಳು ಎದುರುಬದುರು ನಿಂತಾಗ ಸಂಭಾಷಣೆಯ ಗುಳ್ಳೆಗಳಿಗೆ ಬೇಕಾದ ಸ್ಥಳವನ್ನೂ ಮುಂಚಿತವಾಗಿ ಬಿಟ್ಟಿರಬೇಕಾಗುತ್ತದೆ.

ನಾಲ್ಕನೆಯದು ಹಿನ್ನೆಲೆಯೊಂದಿಗಿನ ಸಂಬಂಧ. ಸರಳ ಮುಖದೊಂದಿಗೆ ಓದುಗನು ಸುಲಭವಾಗಿ ತಾದಾತ್ಮ್ಯ ಹೊಂದುತ್ತಾನೆ, ವಿವರವಾದ ಹಿನ್ನೆಲೆ ಅವನನ್ನು ಆ ಲೋಕದೊಳಕ್ಕೆ ಕರೆದೊಯ್ಯುತ್ತದೆ ಎಂಬ ವಿವರಣೆಯನ್ನು ಸ್ಕಾಟ್ ಮೆಕ್‌ಕ್ಲೌಡ್ ತಮ್ಮ 1993ರ ಗ್ರಂಥದಲ್ಲಿ ಮಂಡಿಸಿದ್ದಾರೆ. ಬಾರ್ಕ್ಸ್ ಅವರು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಛಾಯಾಚಿತ್ರಗಳನ್ನು ಆಧರಿಸಿ ದೂರದೇಶಗಳ ನೋಟಗಳನ್ನು ಬರೆದು, ಅವುಗಳ ನಡುವೆ ಸರಳರೇಖೆಯ ಬಾತುಕೋಳಿಗಳನ್ನು ಇರಿಸುತ್ತಿದ್ದರು.

ಶೈಲಿ ರೂಪುಗೊಂಡ ಕೆಲವು ನಿದರ್ಶನಗಳು

ಪೋಗೊ: ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವಾಲ್ಟ್ ಕೆಲಿ, ಅಮೆರಿಕದ ಒಕೆಫೆನೋಕಿ ಜೌಗುಪ್ರದೇಶದಲ್ಲಿ ನಡೆಯುವ ಈ ಚಿತ್ರಪಟ್ಟಿಯನ್ನು ಕುಂಚದ ಜೀವಂತ ರೇಖೆಗಳಿಂದ ಬರೆದರು. ಅವರ ಶೈಲಿಯಲ್ಲಿ ಅಕ್ಷರಗಳೂ ಪಾತ್ರಚಿತ್ರಣದ ಭಾಗವಾದವು: ಒಂದು ಪಾತ್ರ ಹಳೆಯ ಗಾಥಿಕ್ ಲಿಪಿಯಲ್ಲಿ, ಮತ್ತೊಂದು ಸರ್ಕಸ್ಸಿನ ಭಿತ್ತಿಪತ್ರದ ಅಕ್ಷರಗಳಲ್ಲಿ ಮಾತನಾಡುತ್ತದೆ. 1953ರಲ್ಲಿ ಅವರು ಸೆನೆಟರ್ ಜೋಸೆಫ್ ಮೆಕಾರ್ಥಿಯನ್ನು ಹೋಲುವ ಕಾಡುಬೆಕ್ಕಿನ ಪಾತ್ರವನ್ನು ತಂದರು. ಪ್ರಾಣಿಯ ಮುಖವಾಡದಿಂದಾಗಿ ರಾಜಕೀಯ ಟೀಕೆಯೂ ಹಾಸ್ಯಪಟ್ಟಿಯೊಳಗೆ ಸ್ಥಾನ ಪಡೆಯಿತು.

ಉಸಾಗಿ ಯೋಜಿಂಬೊ: ಸ್ಟಾನ್ ಸಕಾಯ್ ಅವರು ಜಪಾನಿನ ಖಡ್ಗವೀರ ಮಿಯಾಮೊಟೊ ಮುಸಾಶಿಯ ಜೀವನದಿಂದ ಪ್ರೇರಿತವಾದ ಕಥೆಯನ್ನು ಯೋಜಿಸುತ್ತಿದ್ದಾಗ ಒಂದು ಮೊಲವನ್ನು ಬರೆದು, ಅದರ ಕಿವಿಗಳನ್ನು ಸಮುರಾಯ್ ಜುಟ್ಟಿನಂತೆ ಮೇಲಕ್ಕೆ ಕಟ್ಟಿದರು. ಆ ಒಂದು ಗೆರೆಯಲ್ಲಿ ಪ್ರಾಣಿ, ದೇಶ ಮತ್ತು ವೃತ್ತಿ ಮೂರೂ ವ್ಯಕ್ತವಾದವು. 1984ರಲ್ಲಿ ಪ್ರಕಟಣೆ ಆರಂಭಿಸಿದ ಈ ಪಾತ್ರವನ್ನು ಇಂದಿಗೂ ಕಿವಿಗಳ ಕಟ್ಟಿನಿಂದಲೇ ಗುರುತಿಸಬಹುದು.

ಬ್ಲ್ಯಾಕ್‌ಸ್ಯಾಡ್: ಸ್ಪೇನಿನ ಲೇಖಕ ಹುವಾನ್ ದಿಯಾಸ್ ಕನಾಲೆಸ್ ಮತ್ತು ಚಿತ್ರಕಾರ ಹುವಾಂಹೊ ಗ್ವಾರ್ನಿದೊ ರಚಿಸಿದ ಈ ಮಾಲೆಯ ಮೊದಲ ಸಂಪುಟ 2000ದಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಗ್ವಾರ್ನಿದೊ ಡಿಸ್ನಿಯ ಪ್ಯಾರಿಸ್ ಶಾಖೆಯಲ್ಲಿ ಅನಿಮೇಷನ್ ಕಲಾವಿದರಾಗಿದ್ದವರು. 1950ರ ದಶಕದ ಅಮೆರಿಕದಲ್ಲಿ ನಡೆಯುವ ಈ ಪತ್ತೇದಾರಿ ಕಥೆಗಳ ನಾಯಕ ಕಪ್ಪು ಬೆಕ್ಕು. ಜಲವರ್ಣದಲ್ಲಿ ಬರೆದ ತಲೆಗಳಲ್ಲಿ ಪ್ರಾಣಿಯ ಅಂಗರಚನೆ ನಿಖರವಾಗಿದೆ. ದೇಹ ಮತ್ತು ಹಾವಭಾವಗಳು ಮನುಷ್ಯನವು.

ಮೌಸ್: ನಾಜಿಗಳ ಯಾತನಾಶಿಬಿರದಿಂದ ಬದುಕಿ ಬಂದ ತಂದೆಯ ಅನುಭವಗಳನ್ನು ಆರ್ಟ್ ಸ್ಪೀಗೆಲ್‌ಮನ್ ಮೊದಲು 1972ರಲ್ಲಿ ಮೂರು ಪುಟಗಳಲ್ಲಿ ಚಿತ್ರಿಸಿದರು. ಅಲ್ಲಿ ಇಲಿಗಳ ಮುಖಗಳು ವಿವರಗಳಿಂದ ಕೂಡಿದ್ದವು. ಮುಂದೆ 1986 ಮತ್ತು 1991ರಲ್ಲಿ ಎರಡು ಸಂಪುಟಗಳಾಗಿ ಬಂದ ಕೃತಿಯಲ್ಲಿ ಅವರು ಕಣ್ಣುಗಳನ್ನು ಚುಕ್ಕೆಗಳಿಗೆ, ಮುಖಗಳನ್ನು ತ್ರಿಕೋನಕ್ಕೆ ಸಮೀಪವಾದ ಆಕಾರಗಳಿಗೆ ಇಳಿಸಿದರು. ಮುದ್ರಣದ ಅಳತೆಯಲ್ಲಿಯೇ ಮಸಿಪೆನ್ನಿನಿಂದ ಬರೆದರು. ವಿವರ ಕಡಿಮೆಯಾದಂತೆ ಶೋಕದ ಕಥನಕ್ಕೆ ದಿನಚರಿಯ ಸಾಮೀಪ್ಯ ದೊರೆಯಿತು. ಈ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಸಂದಿತು.

ಅರ್ಥ ಮತ್ತು ಹೊಣೆಗಾರಿಕೆ

ನರಿ ಎಂದರೆ ಕಪಟ, ಕತ್ತೆ ಎಂದರೆ ದಡ್ಡತನ, ಸಿಂಹ ಎಂದರೆ ಶೌರ್ಯ ಎಂಬ ಸಿದ್ಧ ಸಮೀಕರಣಗಳು ಕಥೆಗಾರನಿಗೆ ಅನುಕೂಲಕರ. ಪಾತ್ರವು ಬಾಯಿ ತೆರೆಯುವ ಮೊದಲೇ ಓದುಗನು ಅದರ ಗುಣವನ್ನು ಊಹಿಸುತ್ತಾನೆ. ಆದರೆ ಪ್ರಾಣಿಜಾತಿಯನ್ನು ಒಬ್ಬ ವ್ಯಕ್ತಿಯ ಗುಣಕ್ಕೆ ಬದಲಾಗಿ ಒಂದು ಜನಾಂಗ, ಧರ್ಮ ಅಥವಾ ಜಾತಿಗೆ ಜೋಡಿಸಿದಾಗ ಅದೇ ಅನುಕೂಲವು ಅನ್ಯಾಯಕ್ಕೆ ದಾರಿಯಾಗುತ್ತದೆ. ಗುಣವು ಹುಟ್ಟಿನಿಂದಲೇ ಬರುತ್ತದೆ, ಬದಲಾಗದು ಎಂಬ ಸಂದೇಶವನ್ನು ಚಿತ್ರವೇ ಸಾರಿಬಿಡುತ್ತದೆ. 1940ರ ನಾಜಿ ಪ್ರಚಾರಚಿತ್ರವೊಂದು ಯಹೂದಿಗಳನ್ನು ಹೆಗ್ಗಣಗಳಿಗೆ ಹೋಲಿಸಿತ್ತು. ಮಿಕ್ಕಿಯ ಬಿಳಿ ಕೈಚೀಲಗಳಲ್ಲಿಯೂ, ಕರಿಯರನ್ನು ಅಣಕಿಸುತ್ತಿದ್ದ ಅಮೆರಿಕದ ಹಳೆಯ ರಂಗಪ್ರಯೋಗಗಳ ವೇಷದ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ಸ್ಪೀಗೆಲ್‌ಮನ್ ಆ ನಾಜಿ ಹೋಲಿಕೆಯನ್ನೇ ಕೈಗೆತ್ತಿಕೊಂಡು ಅದನ್ನು ಒಳಗಿನಿಂದ ಒಡೆಯುತ್ತಾರೆ. 'ಮೌಸ್'ನಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಆದರೆ ಪೋಲೆಂಡಿನವರ ವೇಷದಲ್ಲಿ ತಪ್ಪಿಸಿಕೊಳ್ಳುವ ಯಹೂದಿಗಳು ಹಂದಿಯ ಮುಖವಾಡವನ್ನು ದಾರದಿಂದ ಕಟ್ಟಿಕೊಂಡಿರುತ್ತಾರೆ. ಎರಡನೆಯ ಸಂಪುಟದ ಒಂದು ಭಾಗದಲ್ಲಿ ಲೇಖಕನೇ ಇಲಿಯ ಮುಖವಾಡ ಧರಿಸಿದ ಮನುಷ್ಯನಾಗಿ ಮೇಜಿನ ಮುಂದೆ ಕುಳಿತಿರುತ್ತಾನೆ. ವಿಂಗಡಣೆ ನಿಸರ್ಗದ್ದಲ್ಲ, ಮನುಷ್ಯರು ಕಟ್ಟಿದ್ದು ಎಂಬುದನ್ನು ಆ ದಾರವೇ ಹೇಳುತ್ತದೆ. 'ಬ್ಲ್ಯಾಕ್‌ಸ್ಯಾಡ್' ಮಾಲೆಯ ಎರಡನೆಯ ಸಂಪುಟದಲ್ಲಿಯೂ ಬಿಳಿ ತುಪ್ಪಳದ ಪ್ರಾಣಿಗಳ ಸಂಘಟನೆಯ ಮೂಲಕ ವರ್ಣದ್ವೇಷವನ್ನು ವಿಮರ್ಶಿಸಲಾಗಿದೆ. ಅಲ್ಲಿ ಭೇದಕ್ಕೆ ಆಧಾರವಾಗುವುದು ಪ್ರಾಣಿಯ ಜಾತಿಯಲ್ಲ, ತುಪ್ಪಳದ ಬಣ್ಣ. ಆದುದರಿಂದ ಯಾವ ಪಾತ್ರಕ್ಕೆ ಯಾವ ಪ್ರಾಣಿ ಎಂಬ ಆಯ್ಕೆಯು ಶೈಲಿಯ ಪ್ರಶ್ನೆಯಾಗಿರುವಂತೆ ನ್ಯಾಯದ ಪ್ರಶ್ನೆಯೂ ಆಗಿದೆ. ಒಂದೇ ಜಾತಿಯ ಪ್ರಾಣಿಗಳಲ್ಲಿ ಒಳ್ಳೆಯವರನ್ನೂ ಕೆಟ್ಟವರನ್ನೂ ಚಿತ್ರಿಸುವುದು, ನಿರೀಕ್ಷೆಗೆ ವಿರುದ್ಧವಾದ ಗುಣಗಳನ್ನು ನೀಡುವುದು ಕಲಾವಿದರು ಅನುಸರಿಸುವ ಸರಳ ಪರಿಹಾರಗಳು.

ಅಭ್ಯಾಸಕ್ರಮ

ಸ್ವಂತ ಶೈಲಿಯನ್ನು ರೂಪಿಸಿಕೊಳ್ಳುವ ಅಭ್ಯಾಸಿಗಳಿಗೆ ಈ ಕೆಳಗಿನ ಕ್ರಮ ಉಪಯುಕ್ತವಾಗಿದೆ.

1. ಸಮೀಪದಲ್ಲಿ ದೊರೆಯುವ ಒಂದೇ ಪ್ರಾಣಿಯನ್ನು, ಅಂದರೆ ಬೆಕ್ಕು, ನಾಯಿ, ಹಸು ಅಥವಾ ಕಾಗೆಯನ್ನು ಆರಿಸಿಕೊಂಡು ಹಲವು ದಿನಗಳ ಕಾಲ ನೋಡಿ ಬರೆಯುವುದು. ನಿದ್ರೆ, ಓಟ, ಆಹಾರಸೇವನೆಗಳ ಭಂಗಿಗಳನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವುದು.

2. ಆ ಪ್ರಾಣಿಯ ಅಸ್ಥಿಪಂಜರವನ್ನು ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲಿಟ್ಟು ಭುಜ, ಮೊಣಕೈ, ಮೊಣಕಾಲು, ಹಿಮ್ಮಡಿಗಳನ್ನು ಗುರುತಿಸುವುದು.

3. ಅದೇ ಪಾತ್ರವನ್ನು ಮಾನವೀಕರಣದ ಮೂರೂ ಹಂತಗಳಲ್ಲಿ ಬರೆದು, ಹೇಳಬೇಕಾದ ಕಥೆಗೆ ಯಾವುದು ಒಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು.

4. ಆಯ್ದ ರೂಪವನ್ನು ಕಪ್ಪು ನೆರಳಾಗಿಸಿ, ಉಳಿದ ಪಾತ್ರಗಳ ನೆರಳುಗಳಿಂದ ಬೇರೆಯಾಗಿ ಕಾಣುವುದೇ ಎಂದು ನೋಡುವುದು.

5. ಮುಂಭಾಗ, ಮುಕ್ಕಾಲು ಭಾಗ, ಪಾರ್ಶ್ವ ಮತ್ತು ಹಿಂಭಾಗಗಳ ನೋಟಗಳನ್ನೂ ಸಂತೋಷ, ದುಃಖ, ಕೋಪ, ಭಯ, ಜಿಗುಪ್ಸೆ, ಆಶ್ಚರ್ಯಗಳ ಮುಖಭಾವಗಳನ್ನೂ ಒಂದು ಮಾದರಿ ಹಾಳೆಯಲ್ಲಿ ಸಿದ್ಧಪಡಿಸುವುದು.

6. ಪಾತ್ರವು ಕೂರುವ, ಓಡುವ, ಲೋಟ ಹಿಡಿಯುವ ಮತ್ತು ಇನ್ನೊಬ್ಬರೊಡನೆ ಮಾತನಾಡುವ ಸನ್ನಿವೇಶಗಳುಳ್ಳ ಒಂದು ಪುಟದ ಕಥೆಯನ್ನು ಬರೆದು, ಮುದ್ರಣದ ಅಳತೆಗೆ ಕಿರಿದಾಗಿಸಿ ಪರೀಕ್ಷಿಸುವುದು.

ಮೆಚ್ಚಿನ ಕಲಾವಿದರ ಪುಟಗಳನ್ನು ನಕಲು ಮಾಡುವುದು ಕಲಿಕೆಯ ಅಂಗೀಕೃತ ಮಾರ್ಗವಾಗಿದೆ. ಕೇವಲ ಒಬ್ಬರನ್ನೇ ಅನುಸರಿಸಿದರೆ ಅವರ ರೂಢಿಗಳು ಕೈಗೆ ಅಂಟಿಕೊಳ್ಳುತ್ತವೆ; ಹಲವರನ್ನು ಹೋಲಿಸಿ, ಪ್ರತಿಯೊಬ್ಬರೂ ಏನನ್ನು ಬಿಟ್ಟಿದ್ದಾರೆ ಎಂಬುದನ್ನು ಗಮನಿಸಿದರೆ ಕಾರಣಗಳು ತಿಳಿಯುತ್ತವೆ. ಮಿಕ್ಕಿ ಮತ್ತು 'ಮೌಸ್'ನ ನಿದರ್ಶನಗಳಲ್ಲಿ ಕಾಣುವಂತೆ ಪಾತ್ರದ ಮೊದಲ ರೂಪವೇ ಅಂತಿಮ ರೂಪವಾಗಬೇಕಿಲ್ಲ. ಕೆಲವು ಪುಟಗಳನ್ನು ಬರೆದ ಅನಂತರ ಕೈಗೆ ಯಾವ ಗೆರೆ ಸಹಜವಾಗಿ ಒದಗುತ್ತದೆ, ಯಾವುದು ಪ್ರತಿಬಾರಿಯೂ ತಡೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಆಗ ಮಾದರಿ ಹಾಳೆಯನ್ನು ತಿದ್ದಿ, ಮುಂದಿನ ಪುಟಗಳಲ್ಲಿ ಆ ತಿದ್ದುಪಡಿಯನ್ನೇ ಪಾಲಿಸಲಾಗುತ್ತದೆ.